ಸಂದರ್ಭಾರ್ಥ ಮತ್ತು ಸರ್ವವ್ಯಾಪಿ ಗಣಕ: ನಿಗಡಿಯ ಒಂದು ಮನೆಯ ನಿದರ್ಶನ

1

ಶಬ್ದಾರ್ಥ ವಿಚಾರವನ್ನು ಬೋಧಿಸುವವರು ತರಗತಿಯಲ್ಲಿ ಒಮ್ಮೆಯಾದರೂ ಹೇಳುವ ಉದಾಹರಣೆಯೊಂದಿದೆ. ಒಡೆಯನು ಸೇವಕನಿಗೆ ಸೈಂಧವವನ್ನು ತರಲು ಹೇಳುತ್ತಾನೆ. ಸೈಂಧವವೆಂದರೆ ಉಪ್ಪೂ ಹೌದು, ಸಿಂಧು ದೇಶದ ಕುದುರೆಯೂ ಹೌದು. ಒಡೆಯನು ಊಟಕ್ಕೆ ಕುಳಿತಿದ್ದರೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ಸಿದ್ಧನಾಗಿ ನಿಂತಿದ್ದರೆ ಕುದುರೆಯನ್ನು ತರಬೇಕು. ಸೇವಕನು ಇದನ್ನು ಮರಳಿ ಕೇಳುವುದಿಲ್ಲ, ನೋಡಿ ತಿಳಿಯುತ್ತಾನೆ. ಮಾತು ಒಂದೇ ಆದರೂ ಅದರ ಅರ್ಥವನ್ನು ನಿರ್ಣಯಿಸುವುದು ಪ್ರಕರಣ.

ಈ ಸೇವಕನ ಸ್ಥಾನದಲ್ಲಿ ಯಂತ್ರವನ್ನು ನಿಲ್ಲಿಸುವ ಪ್ರಯತ್ನವು ಕಳೆದ ಮೂರೂವರೆ ದಶಕಗಳಿಂದ ನಡೆದಿದೆ. ಗಣಕಶಾಸ್ತ್ರದವರು ಅದನ್ನು ಸರ್ವವ್ಯಾಪಿ ಗಣನೆ, ಅಂದರೆ ಪರ್ವೇಸಿವ್ ಕಂಪ್ಯೂಟಿಂಗ್ ಎಂದು ಕರೆಯುತ್ತಾರೆ. ಮೇಜಿನ ಮೇಲಿದ್ದ ಗಣಕವು ಗೋಡೆ, ದೀಪ, ಫೋನು, ರಸ್ತೆಯ ಸಂಕೇತಕಂಬಗಳೊಳಗೆ ಹಂಚಿಹೋಗಿ, ಅಲ್ಲಿರುವ ಮನುಷ್ಯರನ್ನೂ ಬದಲಾಗುವ ಪರಿಸರವನ್ನೂ ಗ್ರಹಿಸಿ, ತನ್ನ ವರ್ತನೆಯನ್ನು ತಾನೇ ಹೊಂದಿಸಿಕೊಳ್ಳಬೇಕೆಂಬುದು ಇದರ ಆಶಯ. ಇದು ಇಂಜಿನಿಯರುಗಳ ವಿಷಯವಲ್ಲವೇ, ಕನ್ನಡ ಅಧ್ಯಯನ ವಿಭಾಗದ ಸಂಪುಟದಲ್ಲಿ ಇದಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಪುಣೆಯ ಬಳಿಯ ನಿಗಡಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ ಕೆಲವು ದಿನ ಇದ್ದು ಬಂದ ಮೇಲೆ, ಈ ವಿದ್ಯೆಯ ಮೂಲದಲ್ಲಿರುವ ತೊಡಕು ನಮ್ಮದೇ ಶಾಸ್ತ್ರದ ಹಳೆಯ ತೊಡಕು ಎಂದು ನನಗೆ ಮನವರಿಕೆಯಾಯಿತು. ಅದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ವಿಷಯದ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಮಾರ್ಕ್ ವೈಸರ್ ಎಂಬ ವಿಜ್ಞಾನಿ 1988ರ ಸುಮಾರಿಗೆ ಈ ಕಲ್ಪನೆಯನ್ನು ಮುಂದಿಟ್ಟನು. 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಆತ ಬರೆದ ಲೇಖನ ಈ ಕ್ಷೇತ್ರದ ಆದ್ಯ ಗ್ರಂಥವೆನ್ನಬಹುದಾದಷ್ಟು ಪ್ರಸಿದ್ಧವಾಗಿದೆ. ನಮಗೆ ಸ್ವಾರಸ್ಯವೆನಿಸುವ ಸಂಗತಿಯೆಂದರೆ, ಸರ್ವವ್ಯಾಪಿಯಾಗಿ ಕಣ್ಣಿಗೆ ಕಾಣದಂತಾದ ವಿದ್ಯೆಗೆ ಆತ ಕೊಟ್ಟ ಮೊದಲ ದೃಷ್ಟಾಂತ ವಿದ್ಯುತ್ತೂ ಅಲ್ಲ, ದೂರವಾಣಿಯೂ ಅಲ್ಲ; ಬರವಣಿಗೆ. ಅಂಗಡಿಯ ಫಲಕ, ಬೀದಿಯ ಹೆಸರು, ಮಿಠಾಯಿಯ ಕಾಗದ ಎಲ್ಲೆಡೆ ಅಕ್ಷರವಿದೆ. ಓದುತ್ತಿದ್ದೇವೆಂಬ ಪ್ರಜ್ಞೆಯಿಲ್ಲದೆ ನಾವು ಅದನ್ನು ಓದುತ್ತೇವೆ. ಗಣಕವೂ ಹಾಗೆ ಹಿನ್ನೆಲೆಗೆ ಸರಿಯಬೇಕೆಂದು ವೈಸರ್ ಬಯಸಿದನು. ತನ್ನ ಕಲ್ಪನೆ ಲೋಕವನ್ನು ತುಂಬುವುದನ್ನು ನೋಡಲು ಆತ ಉಳಿಯಲಿಲ್ಲ, 1999ರಲ್ಲಿ ತೀರಿಕೊಂಡನು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದವರು ನೌಕರರ ಎದೆಗೆ ಒಂದು ಬಿಲ್ಲೆಯನ್ನು ಸಿಕ್ಕಿಸಿದರು. ಅದು ಹದಿನೈದು ಸೆಕೆಂಡುಗಳಿಗೊಮ್ಮೆ ಅವಕೆಂಪು ಕಿರಣದಲ್ಲಿ ತನ್ನ ಗುರುತನ್ನು ಹೊರಡಿಸುತ್ತಿತ್ತು. ಕೋಣೆಗಳಲ್ಲಿದ್ದ ಗ್ರಾಹಕಗಳು ಅದನ್ನು ಹಿಡಿದು, ಯಾರು ಎಲ್ಲಿದ್ದಾರೆಂದು ತಿಳಿಸುತ್ತಿದ್ದವು; ದೂರವಾಣಿಯ ಕರೆಯನ್ನು ಆ ಕೋಣೆಗೇ ಕಳುಹಿಸಬಹುದಾಗಿತ್ತು. ಮುಂದೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪ್ರವಾಸಿಗಳ ಕೈಗೆ ಒಂದು ಮಾರ್ಗದರ್ಶಕ ಯಂತ್ರವನ್ನು ಕೊಟ್ಟರು. ಅದು ಪ್ರವಾಸಿ ನಿಂತ ಜಾಗ, ಅವನ ಅಭಿರುಚಿ ಮೊದಲಾದವನ್ನು ಗಣನೆಗೆ ತೆಗೆದುಕೊಂಡು ಹೇಳುವ ಮಾತನ್ನು ಬದಲಿಸುತ್ತಿತ್ತು. ಇಂದು ಹೀಗೆ ಹೊಂದಿಕೊಳ್ಳುವ ಯಂತ್ರಗಳು ನಮ್ಮ ಬೀದಿಗೂ ಬಂದಿವೆ. ವಾಹನಗಳ ದಟ್ಟಣೆಯನ್ನು ನೋಡಿ ಹಸಿರು ದೀಪದ ಅವಧಿಯನ್ನು ತಾವೇ ಹಿಗ್ಗಿಸಿ ಕುಗ್ಗಿಸುವ ಸಂಕೇತಕಂಬಗಳು 2024ರಲ್ಲಿ ಬೆಂಗಳೂರಿನ ಅನೇಕ ಚೌಕಗಳಲ್ಲಿ ಕೆಲಸಕ್ಕೆ ತೊಡಗಿದವು.

ಇಂಥ ತಂತ್ರಾಂಶಗಳ ರಚನೆಯನ್ನು ಸ್ಥೂಲವಾಗಿ ನಾಲ್ಕು ಹೆಜ್ಜೆಗಳಲ್ಲಿ ಹೇಳಬಹುದು. ಸಂವೇದಕವು ಒಂದು ಚಿಹ್ನೆಯನ್ನು ಗ್ರಹಿಸುತ್ತದೆ: ಶಾಖ, ಬೆಳಕು, ಸದ್ದು, ಸ್ಥಳ. ಆ ಚಿಹ್ನೆಯಿಂದ ಸಂದರ್ಭವನ್ನು ಊಹಿಸಲಾಗುತ್ತದೆ: ‘ಕೋಣೆಯಲ್ಲಿ ಜನರಿದ್ದಾರೆ’, ‘ಈತ ವಾಹನ ನಡೆಸುತ್ತಿದ್ದಾನೆ’. ಊಹೆಗೆ ತಕ್ಕ ಕ್ರಿಯೆ ನಡೆಯುತ್ತದೆ. ಕೊನೆಯದಾಗಿ, ಕ್ರಿಯೆ ತಪ್ಪಾಗಿದ್ದರೆ ಮನುಷ್ಯನು ಅದನ್ನು ತಿದ್ದಬೇಕು, ಯಂತ್ರವು ಆ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳಬೇಕು. ಮೊದಲ ಮೂರು ಹೆಜ್ಜೆಗಳ ಮೇಲೆ ಅಪಾರ ಪರಿಶ್ರಮ ನಡೆದಿದೆ. ನಾಲ್ಕನೆಯದನ್ನು ಮಾರುಕಟ್ಟೆಯ ಯಂತ್ರಗಳು ಅಷ್ಟಾಗಿ ಲಕ್ಷಿಸಿದಂತೆ ಕಾಣುವುದಿಲ್ಲ.

ಹಾಗಾದರೆ ಸಂದರ್ಭವೆಂದರೆ ಯಾವುದು? ಯಾವ ಮಾಹಿತಿಯಿಂದ ಒಬ್ಬ ವ್ಯಕ್ತಿಯ, ಸ್ಥಳದ ಅಥವಾ ವಸ್ತುವಿನ ಸ್ಥಿತಿಯನ್ನು ನಿರೂಪಿಸಬಹುದೋ ಅದೆಲ್ಲವೂ ಸಂದರ್ಭವೇ ಎಂಬರ್ಥದ ಲಕ್ಷಣವನ್ನು ಅಮೆರಿಕದ ಅನಿಂದ್ ದೇ ಎಂಬ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಕೊಟ್ಟರು. ಲಕ್ಷಣವೇನೋ ಸರಿ, ಆದರೆ ಅದು ಎಲ್ಲವನ್ನೂ ಒಳಗೊಂಡು ಯಾವುದನ್ನೂ ಬೇರ್ಪಡಿಸುವುದಿಲ್ಲ. ಭರ್ತೃಹರಿಯ ‘ವಾಕ್ಯಪದೀಯ’ದ ಎರಡನೆಯ ಕಾಂಡ ಇದಕ್ಕಿಂತ ಹೆಚ್ಚು ನಿಷ್ಕೃಷ್ಟವಾಗಿದೆ. ನಾನಾರ್ಥಗಳುಳ್ಳ ಶಬ್ದದ ಅರ್ಥವನ್ನು ಗೊತ್ತುಮಾಡುವ ಸಾಧನಗಳನ್ನು ಅಲ್ಲಿ ಎಣಿಸಲಾಗಿದೆ: ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಲಿಂಗ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ ಮುಂತಾದವು. ಮಮ್ಮಟನ ಮೂಲಕ ಇದು ನಮ್ಮ ಕಾವ್ಯಮೀಮಾಂಸೆಯ ಪಾಠಕ್ಕೂ ಬಂದಿದೆ. (ಆ ಪಟ್ಟಿಯಲ್ಲಿ ‘ವ್ಯಕ್ತಿ’ ಎಂಬುದೂ ಇದೆ, ಆದರೆ ಅದು ಮನುಷ್ಯನಲ್ಲ, ವ್ಯಾಕರಣದ ಲಿಂಗ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವಿದು.) ನಮ್ಮ ಪ್ರಾಚೀನರು ಗಣಕವನ್ನು ಕಂಡಿದ್ದರೆಂದು ಹೇಳುವ ಚಪಲ ನನಗಿಲ್ಲ, ಅಂಥ ಮಾತುಗಳಿಂದ ಪ್ರಾಚೀನರಿಗೂ ಗಣಕಕ್ಕೂ ಅಪಚಾರವೇ ಆಗುತ್ತದೆ. ಅರ್ಥನಿರ್ಣಯಕ್ಕೆ ದೇಶ ಕಾಲಗಳು ಹಲವು ಸಾಧನಗಳಲ್ಲಿ ಎರಡು ಮಾತ್ರ ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು. ಯಂತ್ರಕ್ಕೆ ಸುಲಭವಾಗಿ ಸಿಕ್ಕುವವು ಆ ಎರಡೇ. ಗಡಿಯಾರ ಕಾಲವನ್ನು ಹೇಳುತ್ತದೆ, ಉಪಗ್ರಹ ದೇಶವನ್ನು ಹೇಳುತ್ತದೆ. ಔಚಿತ್ಯವನ್ನು ಅಳೆಯುವ ಸಂವೇದಕ ಇನ್ನೂ ಬಂದಿಲ್ಲ.

3

ನಿಗಡಿ ಪಿಂಪ್ರಿ-ಚಿಂಚವಾಡ ನಗರದ ಭಾಗ. ಹಳೆಯ ಮುಂಬಯಿ-ಪುಣೆ ರಸ್ತೆಯ ಮೇಲಿದೆ. ಶಿವಾಜಿ ತುಕಾರಾಮರ ಭೇಟಿಯನ್ನು ತೋರಿಸುವ ಭಕ್ತಿ-ಶಕ್ತಿ ಶಿಲ್ಪಸಮೂಹದಿಂದ ಊರಿನ ಗುರುತು. ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಬಂದ ಮೇಲೆ ಚಿಂಚವಾಡ, ಆಕುರ್ಡಿ, ಭೋಸರಿಗಳಲ್ಲಿ ಉದ್ಯಮಗಳು ಬೆಳೆದವು. ದುಡಿಯುವವರ ವಸತಿಯ ಅಗತ್ಯ ಹೆಚ್ಚಿದಂತೆ 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ರಚನೆಯಾಯಿತು. ಅದು 2021ರಲ್ಲಿ ಪುಣೆ ಮಹಾನಗರ ಪ್ರಾಧಿಕರಣದಲ್ಲಿ ವಿಲೀನವಾಯಿತಾದರೂ, ಜನರ ಬಾಯಲ್ಲಿ ಆ ಬಡಾವಣೆಗಳು ಇಂದಿಗೂ ‘ಪ್ರಾಧಿಕರಣ’ವೇ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಗಳಿಂದ ಕೆಲಸ ಹುಡುಕಿಕೊಂಡು ಬಂದ ಕನ್ನಡ ಕುಟುಂಬಗಳು ಈ ಭಾಗದಲ್ಲಿ ನೆಲೆಸಿವೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ‘ಕವಿರಾಜಮಾರ್ಗ’ ಹೇಳುವ ಸೀಮೆಯೊಳಗೇ ನಿಗಡಿ ಬರುತ್ತದೆಂಬುದು ನಿಜ. ಅದನ್ನು ಹಕ್ಕಿನ ಮಾತಾಗಿ ಹೇಳುತ್ತಿಲ್ಲ. ಅಲ್ಲಿನ ಕನ್ನಡಿಗರಿಗೂ ಅಂಥ ಹಂಬಲವಿಲ್ಲ. ಅಂಗಳದಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಹಿಂದಿ, ಅಡುಗೆಮನೆಯಲ್ಲಿ ಕನ್ನಡ ಎಂಬ ಹಂಚಿಕೆಯನ್ನು ಅವರು ಸಹಜವಾಗಿ ಮಾಡಿಕೊಂಡಿದ್ದಾರೆ.

ನನ್ನ ಅಕ್ಕ ಇಂಡಿ ತಾಲೂಕಿನಿಂದ ಮದುವೆಯಾಗಿ ಅಲ್ಲಿಗೆ ಹೋದವಳು. ಭಾವನವರು ಕಾರ್ಖಾನೆಯೊಂದರಿಂದ ನಿವೃತ್ತರಾಗಿ, ಈಗ ಇಲ್ಲ. ಮಗ ಹಿಂಜವಡಿಯಲ್ಲಿ ಗಣಕದ ಕೆಲಸದಲ್ಲಿದ್ದಾನೆ. ತಾಯಿಗೆ ಕತ್ತಲೆಯಲ್ಲಿ ಎಡವುವ ಭಯವಿರಬಾರದೆಂದು ಅವನು ಮನೆಯ ದೀಪಗಳಿಗೆಲ್ಲ ಸಂವೇದಕಗಳನ್ನು ಕೂಡಿಸಿದ್ದಾನೆ. ಒಳಗೆ ಬಂದರೆ ದೀಪ ಹತ್ತುತ್ತದೆ, ಹೋದರೆ ಆರುತ್ತದೆ. ಹಳೆಯ ಗುಂಡಿಗಳನ್ನು ತೆಗೆಸಿ ಗೋಡೆಯನ್ನು ನುಣುಪು ಮಾಡಿಸಿದ್ದಾನೆ. ಮಾತು ಕೇಳಿ ಕೆಲಸ ಮಾಡುವ ಪುಟ್ಟ ಯಂತ್ರವೊಂದು ನಡುಮನೆಯಲ್ಲಿದೆ. ಅದು ಹಿಂದಿ ಇಂಗ್ಲಿಷುಗಳನ್ನು ಬಲ್ಲುದು. ಇದೆಲ್ಲವೂ ಪ್ರೀತಿಯಿಂದ ಮಾಡಿದ ಏರ್ಪಾಡೆಂಬುದರಲ್ಲಿ ಸಂಶಯವಿಲ್ಲ.

ಅಕ್ಕ ನಸುಕಿನಲ್ಲಿ ನಾಲ್ಕಕ್ಕೆ ಏಳುತ್ತಾಳೆ. ಸ್ನಾನ ಮುಗಿಸಿ ದೇವರ ಮುಂದೆ ಜಪಕ್ಕೆ ಕೂಡುತ್ತಾಳೆ. ನಾನು ಹೋದ ಮರುದಿನ ನೋಡಿದೆ: ಅವಳು ಕುಳಿತ ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ದೀಪ ಆರಿಹೋಯಿತು. ಅವಳು ಕಣ್ಣು ತೆರೆಯದೆ, ಜಪಮಾಲೆ ಹಿಡಿದ ಕೈಯನ್ನು ಮೇಲೆತ್ತಿ ಒಮ್ಮೆ ಬೀಸಿದಳು. ದೀಪ ಹತ್ತಿತು. ಮತ್ತೆ ಆರಿತು, ಮತ್ತೆ ಬೀಸಿದಳು. ಇದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಕೇಳಿದ್ದಕ್ಕೆ, ‘ನಾ ಸುಮ್ಮನ ಕುಂತ್ರ ಇದಕ್ಕ ನಾ ಇಲ್ಲೇ ಇಲ್ಲ ಅನಸ್ತದ ನೋಡು ತಮ್ಮಾ’ ಎಂದಳು. ನಗುತ್ತಲೇ ಹೇಳಿದಳು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಯಂತ್ರದ ಕಡೆಯಿಂದ ನೋಡಿದರೆ ಅದರ ತಪ್ಪೇನೂ ಇಲ್ಲ. ಮನುಷ್ಯನ ದೇಹವು ಸದಾ ಶಾಖದ ಕಿರಣಗಳನ್ನು ಹೊರಸೂಸುತ್ತದೆ. ಈ ಬಗೆಯ ಸಂವೇದಕದಲ್ಲಿ ಎರಡು ಭಾಗಗಳಿದ್ದು, ಬಿಸಿಯಾದ ದೇಹವೊಂದು ಒಂದರ ನೋಟದಿಂದ ಇನ್ನೊಂದರ ನೋಟಕ್ಕೆ ಸರಿದಾಗ ಉಂಟಾಗುವ ವ್ಯತ್ಯಾಸವನ್ನು ಅದು ಗುರುತಿಸುತ್ತದೆ. ಅಲುಗದೆ ಕುಳಿತ ದೇಹದಿಂದ ವ್ಯತ್ಯಾಸ ಹುಟ್ಟುವುದಿಲ್ಲ. ಹಾಗಾಗಿ ಅದು ಕಾಣುವುದು ಮನುಷ್ಯನನ್ನಲ್ಲ, ಚಲನೆಯನ್ನು. ತಂತ್ರಾಂಶವನ್ನು ಬರೆದವರು ‘ಚಲನೆಯಿಲ್ಲ, ಆದ್ದರಿಂದ ಜನರಿಲ್ಲ’ ಎಂದು ಅನುಮಾನಿಸಿದ್ದಾರೆ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಇದು ಸವ್ಯಭಿಚಾರ ಹೇತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯಿದೆ; ಚಲನೆಯಿಲ್ಲದಲ್ಲಿ ಜನರಿಲ್ಲವೆಂಬ ವ್ಯಾಪ್ತಿಯಿಲ್ಲ. ಓದುವವರು, ಹೊಲಿಯುವವರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡವರು, ಜಪಕ್ಕೆ ಕುಳಿತವರು ಎಲ್ಲರೂ ಈ ಹೇತುವಿನ ವ್ಯಭಿಚಾರಕ್ಕೆ ಸಾಕ್ಷಿಗಳು. ಕಚೇರಿಯ ಹಜಾರಕ್ಕೆ ಹೊಂದುವ ಊಹೆಯನ್ನು ದೇವರ ಮನೆಗೆ ತಂದದ್ದರಿಂದ ಈ ತೊಡಕು. ಉಸಿರಾಟದ ಸೂಕ್ಷ್ಮ ಚಲನೆಯನ್ನೂ ಹಿಡಿಯಬಲ್ಲ ರೇಡಾರ್ ಬಗೆಯ ಸಂವೇದಕಗಳು ಈಗ ಬಂದಿವೆ. ಅವುಗಳಿಂದ ದೀಪದ ತೊಂದರೆ ನೀಗಬಹುದು. ಅನುಮಾನದ ತೊಂದರೆ ನೀಗುವುದಿಲ್ಲ.

ಏಕೆಂದರೆ ಇದೇ ಹೇತ್ವಾಭಾಸ ಮತ್ತೊಂದು ರೂಪದಲ್ಲಿ ಅಕ್ಕನ ಫೋನಿನೊಳಗೂ ಇದೆ. ಆಕೆಗೆ ಬರುವ ಜಾಹೀರಾತುಗಳು ಮರಾಠಿಯಲ್ಲಿವೆ, ಸೂಚನೆಗಳು ಮರಾಠಿಯಲ್ಲೋ ಹಿಂದಿಯಲ್ಲೋ ಇವೆ. ‘ಈಕೆ ಮಹಾರಾಷ್ಟ್ರದಲ್ಲಿದ್ದಾಳೆ, ಆದ್ದರಿಂದ ಈಕೆಯ ನುಡಿ ಮರಾಠಿ’ ಎಂಬ ಅನುಮಾನ ಅವುಗಳ ಹಿಂದಿರುವಂತಿದೆ. ಇಲ್ಲಿಯೂ ದೇಶವನ್ನು ವ್ಯಕ್ತಿಯ ಲಿಂಗವಾಗಿ, ಅಂದರೆ ಗುರುತಾಗಿ, ಹಿಡಿಯಲಾಗಿದೆ. ಗಡಿನಾಡಿನವರಿಗೆ, ಹೊರನಾಡಿನವರಿಗೆ ಈ ವ್ಯಾಪ್ತಿ ಸಲ್ಲದು. ಕಾಸರಗೋಡಿನ ಕನ್ನಡಿಗನಿಗೆ ಮಲಯಾಳ, ಅಕ್ಕಲಕೋಟೆಯವನಿಗೆ ಮರಾಠಿ, ಬೆಂಗಳೂರಿನ ಮರಾಠಿಗನಿಗೆ ಕನ್ನಡ ತಾನಾಗಿ ಒದಗುತ್ತದೆ. ಯಂತ್ರವು ಹೊಂದಿಕೊಂಡಿತು, ನಿಜ; ಮನುಷ್ಯನಿಗಲ್ಲ, ಅವನ ಸುತ್ತಲಿನವರಿಗೆ. ಅಲುಗದವಳನ್ನು ಕಾಣದ ದೀಪ, ಅಲ್ಪಸಂಖ್ಯಾತಳನ್ನು ಕಾಣದ ಫೋನು ಎರಡೂ ಒಂದೇ ತರ್ಕದ ಮಕ್ಕಳು.

ನಿಯಮ ಬರೆಯುವುದನ್ನು ಬಿಟ್ಟು ಯಂತ್ರವೇ ಮನೆಯವರ ರೂಢಿಯನ್ನು ನೋಡಿ ಕಲಿಯಲಿ ಎಂದರೂ ಇದು ಪೂರ್ತಿ ತೀರುವುದಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಮೈಕಲ್ ಮೋಜರ್ ಎಂಬ ಪ್ರಾಧ್ಯಾಪಕರು 1990ರ ದಶಕದಲ್ಲಿ ತಮ್ಮ ವಾಸದ ಮನೆಯನ್ನೇ ಇಂಥ ಪ್ರಯೋಗಶಾಲೆಯಾಗಿಸಿದ್ದರು. ವಿದ್ಯುತ್ತಿನ ವೆಚ್ಚವನ್ನೂ ಮನೆಯವರ ಅಸೌಕರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡರ ಮೊತ್ತ ಕಡಿಮೆಯಾಗುವಂತೆ ದೀಪ, ಶಾಖಗಳನ್ನು ಆ ಮನೆ ನಡೆಸುತ್ತಿತ್ತು. ಆದರೆ ಮನೆ ತಮ್ಮನ್ನು ಕಲಿತಂತೆ ತಾವೂ ಮನೆಯ ನಿರೀಕ್ಷೆಗೆ ತಕ್ಕಂತೆ ನಡೆಯತೊಡಗಿದ್ದನ್ನು ಅವರು ಮುಂದೆ ಬರೆದುಕೊಂಡಿದ್ದಾರೆ. ಒಬ್ಬರೇ ವಾಸಿಸುವ ಮನೆಯಲ್ಲಿ ಅದು ವಿನೋದವೆನಿಸಬಹುದು. ಐದು ಜನರ ಮನೆಯಲ್ಲಿ ಯಂತ್ರ ಕಲಿಯುವುದು ಬಹುಮತದ ರೂಢಿಯನ್ನು. ರಾತ್ರಿ ಹನ್ನೆರಡರವರೆಗೆ ಎದ್ದಿರುವ ನಾಲ್ವರ ನಡುವೆ, ನಸುಕಿನಲ್ಲಿ ಏಳುವ ಒಬ್ಬಳು ಅದರ ಲೆಕ್ಕದಲ್ಲಿ ಅಪವಾದ. ಕೈ ಬೀಸುವುದನ್ನು ಅಕ್ಕ ಕಲಿತಳು. ಅವಳು ಕುಳಿತಿರುತ್ತಾಳೆಂಬುದನ್ನು ದೀಪ ಕಲಿಯಲಿಲ್ಲ.

4

ಈಗ ನುಡಿಯ ಕಡೆಗೆ ಬರೋಣ. ಗಣಕವು ಮನುಷ್ಯನಿಗೆ ಹೊಂದಿಕೊಳ್ಳಬೇಕೆಂಬ ವಿಚಾರದಲ್ಲಿ ಪುಣೆಗೆ ಸ್ವಂತದ್ದೊಂದು ಇತಿಹಾಸವಿದೆ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿದ್ದ ಭಾರತೀಯ ಲಿಪಿಗಳ ಜಿಸ್ಟ್ ತಂತ್ರಜ್ಞಾನವು 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ಬಂದು ಅಲ್ಲಿ ಬೆಳೆಯಿತು. 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾದ ‘ಇಸ್ಕಿ’ ಸಂಕೇತಪದ್ಧತಿಯ ತತ್ವ ಸರಳವಾದುದು. ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ವರ್ಣಮಾಲೆಯ ಚೌಕಟ್ಟು ಸಮಾನ. ಆದ್ದರಿಂದ ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಒಂದೇ ಸಂಕೇತ; ಲಿಪಿಯ ಗುರುತನ್ನು ಬದಲಿಸಿದರೆ ಅದೇ ಸಂಗ್ರಹ ಬೇರೆ ಲಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯೂ ಇದೇ ತತ್ವದ್ದು. ಓದುಗನಿಗೆ ತಕ್ಕಂತೆ ರೂಪ ಬದಲಿಸುವ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡನ್ನು ನಾನು ಕಾಣೆ. ಮುಂದೆ ಯೂನಿಕೋಡ್ ಲಿಪಿಗೊಂದರಂತೆ ಬೇರೆ ಬೇರೆ ವಿಭಾಗಗಳನ್ನು ಮಾಡಿತಾದರೂ ಅಕ್ಷರಗಳ ಜೋಡಣೆಯಲ್ಲಿ ಇಸ್ಕಿಯ ಕ್ರಮವನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು.

ಅಕ್ಷರದ ಮಟ್ಟದಲ್ಲಿ ಸಾಧ್ಯವಾದದ್ದು ಆಜ್ಞೆಯ ಮಟ್ಟದಲ್ಲಿ ಅಷ್ಟು ಸುಲಭವಲ್ಲ. ಮಾತು ಕೇಳುವ ಯಂತ್ರವು ಮೊದಲು ಧ್ವನಿಯನ್ನು ಪದಗಳಾಗಿಸುತ್ತದೆ, ಬಳಿಕ ಆ ಪದಗಳಿಂದ ಆಡಿದವರ ಉದ್ದೇಶವನ್ನು ಆಯುತ್ತದೆ. ಅಕ್ಕನ ಮನೆಯ ಯಂತ್ರಕ್ಕೆ ನಾಳೆ ಕನ್ನಡವನ್ನು ಕಲಿಸಿದರೆಂದೇ ಇಟ್ಟುಕೊಳ್ಳೋಣ. ದೀಪವನ್ನು ‘ಆರಿಸು’ ಎನ್ನುವುದು ಅಮಂಗಳವೆಂದು ನಮ್ಮ ಅನೇಕ ಮನೆಗಳಲ್ಲಿ ಹಾಗೆ ಹೇಳುವುದಿಲ್ಲ. ಅಕ್ಕ ‘ದೀಪ ಶಾಂತ ಮಾಡು’ ಎನ್ನುತ್ತಾಳೆ. ಇನ್ನು ಕೆಲವೆಡೆ ‘ದೀಪ ದೊಡ್ಡದು ಮಾಡು’ ಎನ್ನುವುದುಂಟು. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವಂತೆ ಇದು ಮಂಗಳೋಕ್ತಿ. ಮುಖ್ಯಾರ್ಥಕ್ಕೆ ವಿರುದ್ಧವಾದುದೇ ಇಲ್ಲಿ ವಿವಕ್ಷಿತ. ಮುಖ್ಯಾರ್ಥವನ್ನಷ್ಟೇ ಬಲ್ಲ ಯಂತ್ರವು ಈ ಮಾತನ್ನು ಕೇಳಿ ದೀಪವನ್ನು ಇನ್ನಷ್ಟು ಪ್ರಖರ ಮಾಡಿ, ವಿಧೇಯವಾಗಿ ಕಾದು ನಿಂತೀತು.

ಆಜ್ಞೆ ತಲುಪಿದ ಮೇಲೆ ಯಂತ್ರ ಉತ್ತರ ಕೊಡಬೇಕಷ್ಟೆ. ಅದು ಅಕ್ಕನನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ಮೊಮ್ಮಗಳನ್ನು ‘ನೀವು’ ಎಂದರೆ ನಗೆ, ಅಜ್ಜಿಯನ್ನು ‘ನೀನು’ ಎಂದರೆ ಉದ್ಧಟತನ. ಅಕ್ಕ ಮಾತ್ರ ಆ ಯಂತ್ರವನ್ನು ‘ಏ ತಮ್ಮಾ’ ಎಂದು ಕರೆದೇ ಮಾತಾಡಿಸುತ್ತಾಳೆ. ಸಂಬಂಧವನ್ನು ಸ್ಥಾಪಿಸದೆ ಆಜ್ಞೆ ಕೊಡುವುದು ಅವಳ ಕನ್ನಡದಲ್ಲಿ ಇಲ್ಲ. ತಂತ್ರಾಂಶಗಳ ವ್ಯವಹಾರದಲ್ಲಿ ಕನ್ನಡಕ್ಕೆ ಇರುವುದು ಸಾಮಾನ್ಯವಾಗಿ ಒಂದೇ ಗುರುತು: ಭಾಷೆ ಕನ್ನಡ, ದೇಶ ಭಾರತ. ಮೈಸೂರಿನ ಕನ್ನಡವೂ ಇಂಡಿಯ ಕನ್ನಡವೂ ನಿಗಡಿಯ ಕನ್ನಡವೂ ಆ ಒಂದೇ ಪೆಟ್ಟಿಗೆಯೊಳಗೆ ಸೇರಬೇಕು. ಕನ್ನಡದ ದೇಸಿಗಳ ವೈವಿಧ್ಯಕ್ಕೆ ವಾಸುಕಿಯೇ ಬೇಸತ್ತಾನೆಂಬ ಅಭಿಪ್ರಾಯ ‘ಕವಿರಾಜಮಾರ್ಗ’ದಲ್ಲಿದೆ. ಆ ಕೃತಿಗೆ ಸಾವಿರ ವರ್ಷಗಳು ಮೀರಿದ ಮೇಲೂ ವಾಸುಕಿಯ ಕಷ್ಟ ಕಡಿಮೆಯಾಗಿಲ್ಲ.

ಹೆಚ್ಚು ತಿಳಿದರೆ ಯಂತ್ರ ಹೆಚ್ಚು ಹೊಂದಿಕೊಳ್ಳುತ್ತದೆ, ಆದ್ದರಿಂದ ಎಲ್ಲವನ್ನೂ ಅದಕ್ಕೆ ತಿಳಿಸೋಣ ಎಂಬ ವಾದವೊಂದಿದೆ. ಆದರೆ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಭಾಷೆಯಲ್ಲಿ ಯಾರೊಡನೆ ಆಡುತ್ತಾರೆಂಬುದು ಮನೆಯೊಳಗಿನ ಮಾತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು; ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೂ ಬಂತು. ನನಗೆ ತೋರುವಂತೆ, ಯಂತ್ರಕ್ಕೆ ಎಲ್ಲವನ್ನೂ ತಿಳಿಸುವುದಕ್ಕಿಂತ, ತಿಳಿಯದಾಗ ಕೇಳುವುದನ್ನು ಕಲಿಸುವುದು ಮೇಲು. ಸೈಂಧವದ ಸೇವಕನು ಕೂಡ, ಒಡೆಯನು ಊಟ ಮುಗಿಸಿ ಪ್ರಯಾಣಕ್ಕೆ ಏಳುತ್ತಿರುವ ಗಳಿಗೆಯಲ್ಲಿ, ಯಾವುದನ್ನು ತರಲೆಂದು ಕೇಳಿಯೇ ಕೇಳುತ್ತಾನೆ. ಇನ್ನೊಂದು, ಕೈಗೆ ಸಿಗುವಲ್ಲಿ ಒಂದು ಗುಂಡಿ ಇರಬೇಕು. ಮೇಲೆ ಹೇಳಿದ ನಾಲ್ಕನೆಯ ಹೆಜ್ಜೆಯೆಂದರೆ ಅಷ್ಟೇ. ನಾನು ಇದನ್ನು ಅಳಿಯನಿಗೆ ಹೇಳಿದಾಗ ಅವನು ವಾದಿಸಲಿಲ್ಲ. ಮರುದಿನವೇ ಎಲೆಕ್ಟ್ರಿಶಿಯನ್ನನನ್ನು ಕರೆಸಿ ದೇವರ ಮನೆಯ ಗೋಡೆಯನ್ನು ಒಡೆಸಿ ಹಳೆಯ ಗುಂಡಿಯನ್ನು ಕೂಡಿಸಿದ.

ನಮ್ಮ ವಿಭಾಗಕ್ಕೆ ಸೇರಿದ ಕೆಲಸವೂ ಇಲ್ಲಿದೆ. ಜಾನಪದ ಮತ್ತು ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ನಾವು ಕಥೆ, ಹಾಡು, ಗಾದೆ, ಬಂಧುವಾಚಕಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಮನೆಯೊಳಗಿನ ದಿನನಿತ್ಯದ ಆಜ್ಞಾವಾಕ್ಯಗಳನ್ನು ಸಂಗ್ರಹಿಸಿಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಮನೆಯ ಯಾವ ಭಾಗದಲ್ಲಿ ನಿಂತು, ಯಾವ ಕ್ರಿಯಾಪದದಿಂದ ಏನನ್ನು ಮಾಡಿಸುತ್ತಾರೆಂಬುದನ್ನು ಸೊಲ್ಲಾಪುರ, ನಿಗಡಿ, ಕಾಸರಗೋಡುಗಳಲ್ಲಿ ವಿದ್ಯಾರ್ಥಿಗಳು ಬರೆದುಕೊಂಡು ಬಂದರೆ, ಯಂತ್ರಕ್ಕೆ ಕನ್ನಡ ಕಲಿಸುವವರಿಗೆ ಅಂಥ ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ನಾನು ಹೊರಡುವ ಹಿಂದಿನ ಸಂಜೆ ಅಕ್ಕನ ಮಾತಿನಿಂದ ‘ಹಚ್ಚು’ ಎಂಬ ಒಂದೇ ಧಾತುವಿನ ಪ್ರಯೋಗಗಳನ್ನು ಗುರುತು ಹಾಕಿಕೊಂಡೆ: ದೀಪ ಹಚ್ಚು, ಒಲೆ ಹಚ್ಚು, ಟಿವಿ ಹಚ್ಚು, ನಿಮ್ಮ ಮಾವಗ ಫೋನ್ ಹಚ್ಚು, ಕುಂಕುಮ ಹಚ್ಚು, ತಲಿಗಿ ಎಣ್ಣಿ ಹಚ್ಚು, ಕುಂಡ್ಯಾಗ ತುಳಸಿ ಹಚ್ಚು, ಕೂಸಿನ್ನ ಸಾಲಿಗಿ ಹಚ್ಚು, ಸುಮ್ಮನ ಜಗಳಾ ಹಚ್ಚಬ್ಯಾಡ. ಅಡುಗೆಮನೆಯಿಂದ ಒಮ್ಮೆ ‘ಹಚ್ಚವಾ’ ಎಂದಷ್ಟೇ ಕೂಗಿದಳು. ಮೊಮ್ಮಗಳು ಓದುತ್ತಿದ್ದ ಪುಸ್ತಕವನ್ನು ಮಗುಚಿಟ್ಟು, ಹೋಗಿ ದೇವರ ಮುಂದಿನ ದೀಪ ಹಚ್ಚಿದಳು; ಆಗ ಹೊರಗೆ ಕತ್ತಲಾಗುತ್ತಿತ್ತು.